22 ಜನ, ಒಂದೇ ದಿನ: ತಾಳವಾಡಿಯಿಂದ ತೆಪ್ಪಕಾಡು, ಗೋಪಾಲಸ್ವಾಮಿ ಬೆಟ್ಟ

ಪ್ರಶ್ನೆ: ನಾವು ತಮಿಳುನಾಡಿನ ಗಡಿಯಂಚಿನ ತಾಳವಾಡಿಯವರು. ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ಅರೆವಾರ್ಷಿಕ ರಜೆ ಬಿಟ್ಟಾಗ ನೆಂಟರಿಷ್ಟರೆಲ್ಲ ಸೇರಿ 22 ಜನ ಒಂದು ದಿನದ ಪ್ರವಾಸ ಹೊರಡುವವರಿದ್ದೇವೆ. ಆರು ಜನ ಅರವತ್ತು ದಾಟಿದವರು, ಐದು ಮಕ್ಕಳು. ಬಂಡೀಪುರ ಸಫಾರಿ, ತೆಪ್ಪಕಾಡು ಆನೆ ಶಿಬಿರ, ಮಸಿನಗುಡಿ ಮೇಲೆ ಊಟಿ, ದೊಡ್ಡಬೆಟ್ಟ, ಬರುವಾಗ ಹಿಮವದ್ ಗೋಪಾಲಸ್ವಾಮಿ ಬೆಟ್ಟ: ಇದು ನಮ್ಮ ಪಟ್ಟಿ. ಟೆಂಪೊ ಟ್ರಾವೆಲರ್ ಮಾತಾಡಿ ಆಗಿದೆ. ಬೆಳಗ್ಗೆ ಏಳಕ್ಕೆ ಹೊರಟರೆ ರಾತ್ರಿ ಹತ್ತರೊಳಗೆ ಮನೆ ಸೇರಬಹುದೆ? ಪ್ರಾಣಿಗಳು ಕಾಣುತ್ತವೆಯೆ? ಏನೇನು ಪಾಸು, ಪರ್ಮಿಟ್ಟು ಬೇಕು?

ಉತ್ತರ: ಪಟ್ಟಿಯಿಂದ ಊಟಿ, ದೊಡ್ಡಬೆಟ್ಟ ಎರಡನ್ನೂ ಹೊಡೆದುಹಾಕಿ. ಹೊರಡುವ ಹೊತ್ತನ್ನು ಏಳರಿಂದ ಐದಕ್ಕೆ ತನ್ನಿ. ಗೋಪಾಲಸ್ವಾಮಿ ಬೆಟ್ಟವನ್ನು ಸಂಜೆಯಿಂದ ಹನ್ನೊಂದು ಗಂಟೆಗೆ ಸರಿಸಿ. ಸಫಾರಿಯನ್ನು ಈ ದಿನದ ಲೆಕ್ಕಕ್ಕೆ ಸೇರಿಸಬೇಡಿ. ಈ ಹಾದಿಯಲ್ಲಿ ಗಡಿಯಾರ ನಿಮ್ಮ ಕೈಯಲ್ಲಿರುವುದಿಲ್ಲ. ಕಾಡಿನ ಗೇಟು, ಶಿಬಿರದ ಆನೆಗಳ ಊಟದ ಹೊತ್ತು, ಬೆಟ್ಟದ ಬಸ್ಸು, ಈ ಮೂರರ ಕೈಯಲ್ಲಿರುತ್ತದೆ.

ಮೊದಲು ಊಟಿ ಯಾಕೆ ಬೇಡ ಅನ್ನುವ ಲೆಕ್ಕ. ತಾಳವಾಡಿಯಿಂದ ಚಾಮರಾಜನಗರ ಸುಮಾರು 25 ಕಿ.ಮೀ., ಅಲ್ಲಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆ 35ರ ಆಸುಪಾಸು, ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ತೆಪ್ಪಕಾಡಿಗೆ ಇನ್ನೊಂದು 35. ಅಂದರೆ ಹೋಗುವುದೇ 95ರಿಂದ 100 ಕಿ.ಮೀ. ಬಯಲಿನಲ್ಲಾದರೆ ಎರಡು ಗಂಟೆಯ ಹಾದಿ. ಕಾಡೊಳಗಿನ ಉಬ್ಬು, ಚೆಕ್‌ಪೋಸ್ಟು, ಒಂದು ತಿಂಡಿ ಸೇರಿಸಿದರೆ ಮೂರು ಗಂಟೆ ದಾಟುತ್ತದೆ. ತೆಪ್ಪಕಾಡಿನಿಂದ ಮಸಿನಗುಡಿಗೆ ಏಳೆಂಟು ಕಿ.ಮೀ.; ಅಲ್ಲಿಂದ ಕಲ್ಲಟ್ಟಿ ಘಾಟಿ ಹತ್ತಿ ಊಟಿಗೆ ಸುಮಾರು 29. ಕಾಗದದ ಮೇಲೆ ಹತ್ತಿರ. ಆದರೆ ಅದು 36 ಹೇರ್‌ಪಿನ್ ತಿರುವುಗಳ ಹಾದಿ, ತುಂಬಿದ ಗಾಡಿ ಮೊದಲ–ಎರಡನೇ ಗೇರಿನಲ್ಲೇ ಏದುಸಿರು ಬಿಡುತ್ತ ಹತ್ತಬೇಕು.

ಹತ್ತುವುದಕ್ಕಿಂತ ಇಳಿಯುವುದು ದೊಡ್ಡ ತೊಡಕು. ಹೊರಗಿನ ಗಾಡಿಗಳನ್ನು ಕಲ್ಲಟ್ಟಿಯಲ್ಲಿ ಇಳಿಯಲು ಬಿಡುವುದಿಲ್ಲ. ಅದಕ್ಕೆ ಕಾರಣ ಉಂಟು. ಬಯಲುಸೀಮೆಯಲ್ಲಿ ಓಡಿಸಿ ರೂಢಿಯಾದ ಡ್ರೈವರ್ ಇಳಿಜಾರಿನಲ್ಲೂ ಮೂರು–ನಾಲ್ಕನೇ ಗೇರಿನಲ್ಲಿಟ್ಟು ಬರೀ ಬ್ರೇಕ್ ತುಳಿದುಕೊಂಡು ಬರುತ್ತಾನೆ. ಹತ್ತು ತಿರುವು ಕಳೆಯುವಷ್ಟರಲ್ಲಿ ಡ್ರಮ್ಮು, ಪ್ಯಾಡು ಕಾದು ಹಿಡಿತ ಬಿಡುತ್ತವೆ. ಹಳೆಯ ಬ್ರೇಕ್ ಆಯಿಲ್ ಆಗಿದ್ದರೆ ಅದರಲ್ಲಿನ ನೀರಿನಂಶ ಕುದಿದು ಪೆಡಲ್ ಮೆತ್ತಗೆ ಒಳಕ್ಕೆ ಹೋಗಿಬಿಡುತ್ತದೆ. ಆಮೇಲೆ ಗೇರ್ ಇಳಿಸೋಣವೆಂದರೆ ಗಾಡಿಯ ವೇಗ ಬಿಡುವುದಿಲ್ಲ. ಆದ್ದರಿಂದ ವಾಪಸಾತಿ ಗೂಡಲೂರು ಮೇಲೆಯೇ ಆಗಬೇಕು. ಊಟಿಯಿಂದ ಗೂಡಲೂರು 50, ಅಲ್ಲಿಂದ ತೆಪ್ಪಕಾಡು 18. ಊಟಿಯನ್ನು ಸಂಜೆ ನಾಲ್ಕಕ್ಕೆ ಬಿಟ್ಟರೂ ತೆಪ್ಪಕಾಡು ಮುಟ್ಟುವಾಗ ಏಳರ ಹತ್ತಿರ, ಮನೆ ಸೇರುವಾಗ ಹತ್ತು. ಒಟ್ಟು 300 ಕಿ.ಮೀ. ಮೀರಿದ ಓಟ. ಎಲ್ಲಾದರೂ ಒಂದು ಟೈರು ಪಂಚರಾಗಿ ಗೂಡಲೂರಿನಲ್ಲೇ ಎಂಟೂವರೆ ಆಯಿತೆನ್ನಿ, ಬಂಡೀಪುರ ಗೇಟು ರಾತ್ರಿ ಒಂಬತ್ತಕ್ಕೆ ಬೀಳುತ್ತದೆ, ತೆರೆಯುವುದು ಬೆಳಗ್ಗೆ ಆರಕ್ಕೆ. 2009ರಿಂದ ಇರುವ ನಿಯಮ ಅದು. ಆಂಬುಲೆನ್ಸು ಮತ್ತು ಗೊತ್ತುಪಡಿಸಿದ ಕೆಲವು ಬಸ್ಸು ಬಿಟ್ಟರೆ ಯಾರಿಗೂ ಗೇಟು ಎತ್ತುವುದಿಲ್ಲ. ಮೆಟ್ಟುಪಾಳ್ಯದ ಕಡೆ ಇಳಿದು ಸತ್ಯಮಂಗಲ, ಬಣ್ಣಾರಿ, ದಿಂಬಂ ಮೇಲೆ ಬಂದುಬಿಡೋಣ ಎಂದು ಯಾರಾದರೂ ಹೇಳಿಯಾರು. ದಿಂಬಂನ 27 ತಿರುವು, ಅಲ್ಲಿನ ರಾತ್ರಿ ನಿರ್ಬಂಧ, ಲಾರಿ ಸಿಕ್ಕಿಕೊಂಡರೆ ಆಗುವ ಫಜೀತಿ ತಾಳವಾಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. 22 ಜನ ಒಮ್ಮೆ ಗಾಡಿಯಿಂದ ಇಳಿದು ಹತ್ತಲು 15ರಿಂದ 20 ನಿಮಿಷ ಬೇಕು. ಮಂಡಿನೋವಿನವರು ಇಳಿಯಬೇಕು, ಮಗುವಿನ ಒಂದು ಚಪ್ಪಲಿ ಸೀಟಿನಡಿ ಸೇರಿರುತ್ತದೆ, ಯಾರೋ ಒಬ್ಬರು ಟೀ ಕುಡಿಯಲು ಹೋಗಿರುತ್ತಾರೆ. ಆರು ಕಡೆ ನಿಂತರೆ ಎರಡು ಗಂಟೆ ಇದಕ್ಕೇ ಹೋಯಿತು. ಅದರ ಮೇಲೆ ಡಿಸೆಂಬರ್ ಕೊನೆ ಅಂದರೆ ಕೇರಳಕ್ಕೂ ಕ್ರಿಸ್‌ಮಸ್ ರಜೆ, ತಮಿಳುನಾಡಿಗೂ ರಜೆ. ಊಟಿಯ ದೋಣಿಮನೆ, ಸಸ್ಯೋದ್ಯಾನ, ದೊಡ್ಡಬೆಟ್ಟ ಎಲ್ಲ ಕಡೆ ಸಾಲು. 2,637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ಹೋಗಿ ಪಾರ್ಕಿಂಗ್ ಜಾಗದಲ್ಲಿ ಮುಕ್ಕಾಲು ಗಂಟೆ ಕೂರುವ ಭಾಗ್ಯ ನಿಮ್ಮದಾಗುತ್ತದೆ. ಊಟಿಗೆ ಇನ್ನೊಮ್ಮೆ ಎರಡು ದಿನ ಇಟ್ಟುಕೊಂಡು ಹೋಗಿ.

ಈಗ ಮಾಡಬಹುದಾದ ದಿನ. ಡಿಸೆಂಬರ್ 25 ಮತ್ತು 31, ಜನವರಿ 1, ಜೊತೆಗೆ ಶನಿವಾರ–ಭಾನುವಾರ, ಇವಿಷ್ಟು ಬಿಟ್ಟು ನಡುವಿನ ಮಂಗಳವಾರವೋ ಬುಧವಾರವೋ ಹಿಡಿಯಿರಿ. ತಾಳವಾಡಿ ಬಿಡುವುದು ಐದಕ್ಕೆ. ಐದಕ್ಕೆ ಎಂದರೆ ಗಾಡಿಯ ಚಕ್ರ ಉರುಳುವುದು ಐದಕ್ಕೆ. ನೆಂಟರಿಗೆಲ್ಲ ನಾಲ್ಕೂವರೆ ಎಂದೇ ಹೇಳಿ. ಆರರ ಹೊತ್ತಿಗೆ ಚಾಮರಾಜನಗರ, ಆರೂಮುಕ್ಕಾಲಕ್ಕೆ ಗುಂಡ್ಲುಪೇಟೆ. ತಿಂಡಿ ಅಲ್ಲೇ. 22 ಜನ ಹೋಟೆಲಿನಲ್ಲಿ ಕೂತು ಒಬ್ಬರಿಗೆ ಮಸಾಲೆ, ಒಬ್ಬರಿಗೆ ಸೆಟ್, ಇನ್ನೊಬ್ಬರಿಗೆ ರವೆ ದೋಸೆ ಎಂದರೆ ಮುಕ್ಕಾಲು ಗಂಟೆ ಹೋಯಿತು. ಹಿಂದಿನ ದಿನವೇ ಫೋನು ಮಾಡಿ 'ಆರೂಮುಕ್ಕಾಲಿಗೆ 22 ಪ್ಲೇಟ್ ಇಡ್ಲಿ–ವಡೆ' ಎಂದು ಹೇಳಿಡಿ, 25 ನಿಮಿಷದಲ್ಲಿ ಏಳಬಹುದು. ಶೌಚಾಲಯದ ಕೆಲಸವನ್ನೂ ಎಲ್ಲರೂ, ಬೇಕಿಲ್ಲ ಎನ್ನುವವರೂ, ಇಲ್ಲೇ ಮುಗಿಸಬೇಕು. ಕಾಡಂಚಿನ ಮೇಲುಕಾಮನಹಳ್ಳಿ ದಾಟಿದ ಮೇಲೆ ತೆಪ್ಪಕಾಡಿನ ತನಕ ದಾರಿಬದಿ ಗಾಡಿ ನಿಲ್ಲಿಸಿ ಯಾರನ್ನೂ ಇಳಿಸುವ ಹಾಗಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿದ್ದರಂತೂ ಇದೇ ದಿನದ ಮುಖ್ಯ ನಿಲುಗಡೆ.

ಗುಂಡ್ಲುಪೇಟೆ ಬಿಟ್ಟದ್ದು 7:10 ಎಂದಾದರೆ ಬಂಡೀಪುರದ ಕಾಡು ನಿಮಗೆ ಸಿಗುವುದು ಏಳೂವರೆಗೆ. ಡಿಸೆಂಬರಿನಲ್ಲಿ ಸೂರ್ಯ ಏಳುವುದೇ ಆರೂವರೆ ಮೇಲೆ. ಬಿಸಿಲು ಮರದ ಬುಡಕ್ಕೆ ಇಳಿಯುತ್ತಿರುವ ಹೊತ್ತು ಅದು. ರಾತ್ರಿಯೆಲ್ಲ ಗಾಡಿ ಓಡದ ರಸ್ತೆಯಾದ್ದರಿಂದ ಪ್ರಾಣಿಗಳು ಇನ್ನೂ ಅಂಚಿನಲ್ಲೇ ಇರುತ್ತವೆ. ರಸ್ತೆಯ ಎರಡೂ ಬದಿ ಇಲಾಖೆಯವರು ಪೊದೆ ಸವರಿ ಬಯಲು ಮಾಡಿರುತ್ತಾರೆ. ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆ ಅದಕ್ಕೇ ಬರುತ್ತದೆ. ಆಚೆಗೆ ಲಂಟಾನ ದಟ್ಟವಾಗಿ ಹಬ್ಬಿಕೊಂಡಿದೆ, ಅದರೊಳಗೆ ಆನೆ ನಿಂತಿದ್ದರೂ ಕಾಣದು. ಒಂಬತ್ತೂವರೆ ಮೀರಿತೋ, ಬಿಸಿಲೇರಿ, ಕೇರಳ–ಊಟಿ ಗಾಡಿಗಳ ಸಾಲು ಶುರುವಾಗಿ ಆ ಅಂಚು ಖಾಲಿ. ನೀವು ಏಳಕ್ಕೆ ತಾಳವಾಡಿ ಬಿಟ್ಟಿದ್ದರೆ ಇಲ್ಲಿಗೆ ಬರುವುದು ಆ ಖಾಲಿ ಹೊತ್ತಿಗೆ.

ಕಾಣಿಸುವುದು ಏನು ಎಂದರೆ, ಜಿಂಕೆ, ಮುಸುವ, ನವಿಲು, ಕಾಡುಕೋಳಿ ಹೆಚ್ಚುಕಡಿಮೆ ಖಾತ್ರಿ. ಕಾಟಿ, ಆನೆ ಅರ್ಧಕ್ಕರ್ಧ ಸಾಧ್ಯತೆ. ಸೀಳುನಾಯಿ ಅದೃಷ್ಟ. ಹುಲಿಯ ಆಸೆ ಇಟ್ಟುಕೊಳ್ಳಬೇಡಿ, ಮಕ್ಕಳಿಗೂ ಹೇಳಿಡಿ; ಇಲ್ಲದಿದ್ದರೆ ಹತ್ತು ಆನೆ ಕಂಡರೂ ಸಂಜೆ 'ಹುಲಿ ಬರಲೇ ಇಲ್ಲ' ಎಂಬ ರಾಗ.

ಹುಡುಕುವ ಬಗೆಯೂ ಉಂಟು. ಇಡೀ ಪ್ರಾಣಿಯನ್ನು ಹುಡುಕಬೇಡಿ. ಕಾಡಿನಲ್ಲಿ ಎಲ್ಲವೂ ನೆಟ್ಟಗೆ ನಿಂತ ಗೆರೆಗಳು. ಅವುಗಳ ನಡುವೆ ಅಡ್ಡಗೆರೆ ಒಂದು ಕಂಡರೆ ಅದು ಬೆನ್ನು. ಅಲುಗಾಡುವುದು ಒಂದೇ ಎಲೆಯಾದರೆ ಅದು ಕಿವಿ ಇರಬಹುದು. ರಸ್ತೆ ಮೇಲೆ ಹಸಿ ಲದ್ದಿ ಹಬೆಯಾಡುತ್ತಿದ್ದರೆ, ಬಿದಿರು ಈಗ ತಾನೆ ಮುರಿದಂತೆ ಬಿಳಿಚಿಕೊಂಡಿದ್ದರೆ ಆನೆ ದೂರ ಹೋಗಿಲ್ಲ. ಮುಸುವ ಮರದ ತುದಿಯಲ್ಲಿ ಕೂತು ಒಂದೇ ದಿಕ್ಕಿಗೆ ನೋಡುತ್ತ ಕೆಮ್ಮಿದ ಹಾಗೆ 'ಖ್ಖಾ, ಖ್ಖಾ' ಎಂದರೆ, ಜಿಂಕೆ ಬಾಲವೆತ್ತಿ ಒಂದು ಕಾಲಲ್ಲಿ ನೆಲ ಕುಟ್ಟಿದರೆ, ಅವು ಏನನ್ನೋ ಕಂಡಿವೆ ಎಂದರ್ಥ. ನೀವೂ ಅವು ನೋಡುವ ಕಡೆಯೇ ನೋಡಿ. ಗಾಡಿಯಲ್ಲಿ ಕಂಡವರು ಕೂಗಬಾರದು, ಮುಂದಿನವರ ಭುಜ ತಟ್ಟಿ ಕೈ ತೋರಿಸಬೇಕು. ಇದನ್ನು ಗುಂಡ್ಲುಪೇಟೆಯಲ್ಲೇ ಮಕ್ಕಳಿಗೆ ಆಟದ ಹಾಗೆ ಕಲಿಸಿ, ದೊಡ್ಡವರಿಗೆ ಎರಡು ಸಲ ಕಲಿಸಿ. ಹೋಗುವಾಗ ಗಾಡಿ ಹೆಚ್ಚುಕಡಿಮೆ ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ಎಡಗಿಟಕಿಯವರಿಗೆ ಎದುರು ಬಿಸಿಲು, ಪ್ರಾಣಿ ಕಪ್ಪು ನೆರಳಾಗಿ ಕಾಣುತ್ತದೆ. ಫೋಟೊ ಆಸೆಯವರು ಬಲಗಡೆ ಕೂರಲಿ. ಬರುವಾಗ ಕಿಟಕಿಯ ಸೀಟು ಬದಲಾಯಿಸಿಕೊಳ್ಳಿ. ಮನೆಯ ಶಾಂತಿಗೂ ಒಳ್ಳೆಯದು.

ಪ್ರಾಣಿ ಕಂಡಿತೆಂದು ಗಾಡಿ ನಿಲ್ಲಿಸಬಾರದು, ನಿಧಾನಿಸಬಹುದು. ಇಳಿಯುವುದಂತೂ ಇಲ್ಲವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಇದೇ ರಸ್ತೆಯಲ್ಲಿ ಗಾಡಿಯಿಂದಿಳಿದು ಆನೆಯ ಜೊತೆ ಸೆಲ್ಫಿ ತೆಗೆಯಲು ಹೋದವರೊಬ್ಬರನ್ನು ಆನೆ ಅಟ್ಟಿಸಿ ಕೆಡವಿತು. ಜೀವ ಉಳಿಯಿತು, ಜೊತೆಗೆ ಅರಣ್ಯ ಇಲಾಖೆಯ 25,000 ರೂಪಾಯಿ ದಂಡವೂ ಬಿತ್ತು.

ಆನೆಯೇ ರಸ್ತೆಗೆ ಬಂದರೆ ಮಾತು ಬೇರೆ; ಆಗ ನಿಲ್ಲಲೇಬೇಕು. ಕಡಿಮೆಯೆಂದರೆ 50 ಮೀಟರ್ ದೂರ, ಅಂದರೆ ನಾಲ್ಕೈದು ಬಸ್ಸಿನ ಉದ್ದ. ಇಂಜಿನ್ ಓಡುತ್ತಿರಲಿ, ಹಾರ್ನ್ ಬೇಡ, ಲೈಟು ಮಿನುಗಿಸುವುದು ಬೇಡ. ಹಿಂದಿನ ಗಾಡಿಗೆ ಅಂಟಿಕೊಂಡು ನಿಂತರೆ ರಿವರ್ಸ್ ಬರಲು ಜಾಗ ಇರುವುದಿಲ್ಲ, ಆಗುವ ಎಡವಟ್ಟೆಲ್ಲ ಅಲ್ಲೇ. ಆನೆಯ ಮನಸ್ಸು ಕಿವಿ–ಬಾಲದಲ್ಲಿ ಗೊತ್ತಾಗುತ್ತದೆ. ಕಿವಿ ಬೀಸುತ್ತ, ಬಾಲ ಆಡಿಸುತ್ತ ಮೇಯುತ್ತಿದ್ದರೆ ಅದರ ಪಾಡಿಗೆ ಅದು. ಕಿವಿ ಬೀಸುವುದು ಒಮ್ಮೆಲೇ ನಿಂತು, ಬಾಲ ಕಡ್ಡಿಯ ಹಾಗೆ ಸೆಟೆದರೆ ನಿಮ್ಮನ್ನು ಗಮನಿಸಿದೆ. ಮುಂಗಾಲು ತೂಗಾಡಿಸುತ್ತ, ಮಣ್ಣು ಎರಚಿಕೊಳ್ಳುತ್ತ, ಸೊಂಡಿಲ ತುದಿಯನ್ನು ನಿಮ್ಮತ್ತ ಎತ್ತಿ ವಾಸನೆ ಹಿಡಿಯುತ್ತಿದ್ದರೆ ಏನು ಮಾಡಲಿ ಎಂದು ಯೋಚಿಸುತ್ತಿದೆ. ಡ್ರೈವರ್ ಮೆಲ್ಲಗೆ ಹಿಂದೆ ಸರಿಯಬೇಕಾದ ಹೊತ್ತು ಅದು. ಕಿವಿಯನ್ನು ಮೊರದಗಲ ಹರಡಿ ಘೀಳಿಡುತ್ತ ನಾಲ್ಕು ಹೆಜ್ಜೆ ನುಗ್ಗಿ ನಿಂತರೆ ಸಾಮಾನ್ಯವಾಗಿ ಹೆದರಿಸುವ ಆಟ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಕ್ಕೆ ಸುರುಳಿ ಸುತ್ತಿ, ಸದ್ದಿಲ್ಲದೆ ಬಂದರೆ ಆಟವಲ್ಲ. ಕಣ್ಣಿಗೂ ಕಿವಿಗೂ ನಡುವೆ ಎಣ್ಣೆ ಇಳಿದ ಹಾಗೆ ಕಪ್ಪನೆ ಒದ್ದೆ ಇದ್ದರೆ ಮದ ಬಂದ ಸಲಗ, ಅದಕ್ಕೆ ನೂರು ಮೀಟರ್ ಬಿಟ್ಟರೂ ಸಾಲದು. ಮರಿ ಕಂಡರೆ ತಾಯಿಯೊಂದೇ ಅಲ್ಲ, ಸುತ್ತ ಇನ್ನೂ ನಾಲ್ಕಾರು ಇವೆ ಎಂದುಕೊಳ್ಳಿ. ಮೊದಲನೆಯದು ದಾಟಿತೆಂದು ಗಾಡಿ ನುಗ್ಗಿಸಿದರೆ ಹಿಂದಿನದಕ್ಕೂ ಮರಿಗೂ ನಡುವೆ ಸಿಕ್ಕಿಬೀಳುತ್ತೀರಿ. ಹಾಸನೂರು ಹತ್ತಿರ ಕಬ್ಬಿನ ಲಾರಿ ಕಾದು ನಿಲ್ಲುವ ಆನೆಗಳನ್ನು ಕಂಡು ಬೆಳೆದವರಿಗೆ ಆನೆ ಹೊಸದಲ್ಲ, ನಿಜ. ಆ ಸಲಿಗೆಯೇ ಇಲ್ಲಿ ಅಪಾಯ. ಬುತ್ತಿಯ ಬಾಳೆಹಣ್ಣಿನ ಚೀಲ ಕಿಟಕಿಯ ಹತ್ತಿರ ಇಡಬೇಡಿ, ಏನನ್ನೂ ಎಸೆಯಬೇಡಿ.

ಕೆಕ್ಕನಹಳ್ಳದಲ್ಲಿ ಗಡಿ. ಅಲ್ಲಿಂದ ಮುದುಮಲೆ, ನೀಲಗಿರಿ ಜಿಲ್ಲೆ. ನಿಮ್ಮ ಈ ಒಂದು ದಿನದ ಪ್ರವಾಸ ರಾಜ್ಯದ ಗಡಿಯನ್ನು ನಾಲ್ಕು ಸಲ ದಾಟುತ್ತದೆ: ತಾಳವಾಡಿಯಿಂದ ಕರ್ನಾಟಕಕ್ಕೆ, ಕೆಕ್ಕನಹಳ್ಳದಲ್ಲಿ ತಮಿಳುನಾಡಿಗೆ, ಮತ್ತೆ ಕರ್ನಾಟಕಕ್ಕೆ, ಕೊನೆಗೆ ಮನೆಗೆ. ಭಾಷೆ ಎರಡೂ ನಿಮ್ಮದೇ. ಕಾಗದಗಳು ಮಾತ್ರ ಎರಡು ಕಡೆಯವೂ ಬೇಕು.

ಗಾಡಿ ತಮಿಳುನಾಡು ನೋಂದಣಿಯ ಬಾಡಿಗೆ ಗಾಡಿಯಾದರೆ ಅದಕ್ಕೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೆ ಎಂದು ಮಾಲೀಕರನ್ನು ಕೇಳಿ, ಕಾಗದ ಕಣ್ಣಾರೆ ನೋಡಿ. ಇಲ್ಲದಿದ್ದರೆ ಕರ್ನಾಟಕದ ತಾತ್ಕಾಲಿಕ ಪರ್ಮಿಟ್, ತೆರಿಗೆ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿಸಬೇಕು. ಅದನ್ನು ಯಾರು ಕಟ್ಟುವುದು ಎನ್ನುವುದನ್ನು ಬಾಡಿಗೆ ಮಾತಾಡುವಾಗಲೇ ತೀರ್ಮಾನಿಸಿ. ಚಾಮರಾಜನಗರದ ಗಾಡಿ ಗೊತ್ತುಮಾಡಿದರೆ ಇದೇ ತಲೆನೋವು ತಮಿಳುನಾಡಿನ ಕಡೆಗೆ. ಪ್ರಯಾಣಿಕರ ಪಟ್ಟಿ ಬೇಕು: 22 ಜನರ ಹೆಸರು, ವಯಸ್ಸು, ಎಲ್ಲಿಂದ ಎಲ್ಲಿಗೆ. ಎರಡು ಪ್ರತಿ ಇಟ್ಟುಕೊಳ್ಳಿ. ಬಿಳಿ ಬೋರ್ಡಿನ ಗಾಡಿ ಕಡಿಮೆಗೆ ಸಿಗುತ್ತದೆ ಎಂದು ಒಪ್ಪಿಕೊಳ್ಳಬೇಡಿ. ಖಾಸಗಿ ಗಾಡಿಯಲ್ಲಿ ಬಾಡಿಗೆ ಜನ ಕೂತಿದ್ದರೆ ಅಪಘಾತದಲ್ಲಿ ವಿಮೆಯವರು ತಕರಾರು ತೆಗೆಯುತ್ತಾರೆ. ಸೀಟಿನ ಲೆಕ್ಕದಲ್ಲಿ ಮಕ್ಕಳೂ ಜನವೇ. 17 ಸೀಟಿನ ಗಾಡಿಯಲ್ಲಿ 'ಮಕ್ಕಳು ತೊಡೆ ಮೇಲೆ' ಎಂಬ ಹೊಂದಾಣಿಕೆ ಬೇಡ, 26 ಸೀಟಿನದನ್ನೇ ಹಿಡಿಯಿರಿ.

ನೀಲಗಿರಿಗೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಬಂದದ್ದು. ನಮ್ಮದೂ ಟಿಎನ್ ನಂಬರಲ್ಲವೆ ಎಂದು ಬಿಡಬೇಡಿ. ವಿನಾಯಿತಿ ಇರುವುದು ಟಿಎನ್ 43, ಅಂದರೆ ನೀಲಗಿರಿಯದೇ ನೋಂದಣಿಯ ಗಾಡಿಗೆ. ಊಟಿಗೆ ಹೋಗದೆ ತೆಪ್ಪಕಾಡಿಗಷ್ಟೇ ಹೋದರೂ ಜಿಲ್ಲೆ ಅದೇ ಆದ್ದರಿಂದ ಪಾಸು ಮಾಡಿಸಿಕೊಂಡೇ ಹೋಗಿ. ದುಡ್ಡಿಲ್ಲ, ಮೊಬೈಲ್ ನಂಬರ್, ಗಾಡಿ ನಂಬರ್, ಜನ ಎಷ್ಟು, ಬರುವ–ಹೋಗುವ ದಿನಾಂಕ ಕೊಟ್ಟರೆ ಕ್ಯೂಆರ್ ಇರುವ ಪಾಸು ಬರುತ್ತದೆ. ಗಾಡಿ ನಂಬರ್ ಖಚಿತವಾದ ಮೇಲೆಯೇ ಮಾಡಿಸಿ. ಹಿಂದಿನ ರಾತ್ರಿ ಮಾಲೀಕರು 'ಆ ಗಾಡಿ ಸರ್ವಿಸಿಗೆ ಹೋಗಿದೆ, ಇನ್ನೊಂದು ಕಳಿಸುತ್ತೇನೆ' ಎನ್ನುವುದುಂಟು. ಆಗ ಹಳೆಯ ಪಾಸು ಬರೀ ಕಾಗದ. ಕಾಡೊಳಗೆ ಸಿಗ್ನಲ್ ನೆಚ್ಚಬೇಡಿ, ಪ್ರಿಂಟ್ ತೆಗೆದಿಡಿ. ಚೆಕ್‌ಪೋಸ್ಟಿನ ಸಣ್ಣಪುಟ್ಟ ಶುಲ್ಕಗಳಿಗೆ ಚಿಲ್ಲರೆ ನೋಟು, ಫಾಸ್ಟ್ಯಾಗ್‌ನಲ್ಲಿ ಬ್ಯಾಲೆನ್ಸ್ ಇರಲಿ. ಪ್ಲಾಸ್ಟಿಕ್ ನೀರಿನ ಬಾಟಲಿ, ಕವರ್, ಲೋಟ ಅಲ್ಲಿ ನಿಷೇಧ. ಗಾಡಿ ಹತ್ತಿ ನೋಡುತ್ತಾರೆ, ಕಿತ್ತುಕೊಂಡು ದಂಡವನ್ನೂ ಹಾಕುತ್ತಾರೆ. 20 ಲೀಟರಿನ ಎರಡು ಸ್ಟೀಲ್ ಡ್ರಮ್ಮು, ತಲೆಗೊಂದು ಸ್ಟೀಲ್ ಲೋಟ ಸಾಕು. ದಿನಕ್ಕೆ ಒಬ್ಬರಿಗೆ ಒಂದೂವರೆ ಲೀಟರ್ ಲೆಕ್ಕದಲ್ಲಿ 33 ಲೀಟರ್ ಆಯಿತು, ಉಳಿದದ್ದು ಕೈ ತೊಳೆಯಲು.

ತೆಪ್ಪಕಾಡು ಶಿಬಿರದಲ್ಲಿ ಆನೆಗಳಿಗೆ ಊಟ ಕೊಡುವುದು ಬೆಳಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ. ನೀವು 8:20ಕ್ಕೆ ಅಲ್ಲಿರಬೇಕು. ಈ ಅರ್ಧ ಗಂಟೆಗೇ ಇಡೀ ಬೆಳಗಿನ ಓಟ. ಹತ್ತು ಗಂಟೆಗೆ ಹೋದರೆ ಆನೆಗಳು ಕಾಡಿಗೆ ಮೇಯಲು ಹೋಗಿರುತ್ತವೆ, ನಿಮಗೆ ಕಾಣುವುದು ಕಟ್ಟೆ ಮತ್ತು ಮಾಯಾರ್ ಹೊಳೆ. ಅಡುಗೆಮನೆಯ ಕಟ್ಟೆಯ ಮೇಲೆ ಬೇಯಿಸಿದ ರಾಗಿ, ಹುರುಳಿ, ಅನ್ನವನ್ನು ರಾಶಿ ಹಾಕಿ ಬೆಲ್ಲ, ಉಪ್ಪು, ಖನಿಜದ ಪುಡಿ ಸೇರಿಸಿ ತೆಂಗಿನಕಾಯಿಗಿಂತ ದೊಡ್ಡ ಮುದ್ದೆ ಕಟ್ಟುತ್ತಾರೆ. ಒಂದೊಂದು ಆನೆಗೆ ವಯಸ್ಸು, ತೂಕ, ಆರೋಗ್ಯ ನೋಡಿ ಒಂದೊಂದು ಅಳತೆ. ಮಾವುತ ಕೈಯನ್ನು ನೇರ ಬಾಯೊಳಗೆ ಹಾಕಿ ನಾಲಗೆಯ ಹಿಂದೆ ಮುದ್ದೆ ಇಟ್ಟು ಕೈ ತೆಗೆಯುವುದನ್ನು ಮಕ್ಕಳಿಗೆ ತೋರಿಸಿ. ನಾವು ಮುದ್ದೆ ನುಂಗುವ ಹಾಗೇ ಅದೂ ಅಗಿಯದೆ ನುಂಗುತ್ತದೋ ಇಲ್ಲವೋ ನೋಡಲಿ, ಇಡೀ ದಾರಿ ಅದೇ ಮಾತಾಗುತ್ತದೆ. ಈ ಊಟ ಬರೀ ಪೂರಕ. ಆನೆಯ ಹೊಟ್ಟೆಗೆ ದಿನಕ್ಕೆ 150 ಕಿಲೊಗೂ ಮೀರಿ ಸೊಪ್ಪು–ಹುಲ್ಲು ಬೇಕು, ಅದನ್ನು ಕಾಡಿನಲ್ಲೇ ಮೇಯಬೇಕು. ಇಲ್ಲಿರುವವು ಸಾಕಿದ ಆನೆಗಳೇ ಆದರೂ ಅವುಗಳಲ್ಲಿ ಪುಂಡಾನೆ ಅಟ್ಟಲು ಪಳಗಿಸಿದ ಕುಮ್ಕಿಗಳಿವೆ. ಹಗ್ಗದಾಚೆ ಕೈ ಚಾಚುವುದು, ಬಾಳೆಹಣ್ಣು ಕೊಡುವುದು ಬೇಡ. ಒಂಬತ್ತೂಕಾಲಕ್ಕೆ ಗಾಡಿ ಹತ್ತಿ.

ಸಫಾರಿಯ ಮಾತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳಾದ ಮೇಲೆ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತ್ತು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೂ ನಿಲ್ಲಿಸುವುದುಂಟು. ಆದ್ದರಿಂದ ಹೊರಡುವ ಹಿಂದಿನ ದಿನ ವಿಚಾರಿಸದೆ ಮಕ್ಕಳಿಗೆ ಮಾತು ಕೊಡಬೇಡಿ. ನಡೆಯುತ್ತಿದ್ದರೂ ನಿಮ್ಮ ದಿನಕ್ಕೆ ಅದು ಒಗ್ಗುವುದಿಲ್ಲ. ಸಫಾರಿ ಇರುವುದು ನಸುಕಿಗೆ ಮತ್ತು ಮಧ್ಯಾಹ್ನದ ಮೇಲೆ. ನಸುಕಿನದನ್ನು ಹಿಡಿದರೆ ಶಿಬಿರದ ಊಟ ತಪ್ಪುತ್ತದೆ, ಮಧ್ಯಾಹ್ನದ್ದನ್ನು ಹಿಡಿದರೆ ಕತ್ತಲಲ್ಲಿ ಮನೆದಾರಿ. 22 ಜನಕ್ಕೆ ಒಂದೇ ಬಸ್ಸಿನಲ್ಲಿ ಜಾಗ ಸಿಗುವುದೂ ಕಷ್ಟ, ಸಿಕ್ಕರೂ ಆ ಬಸ್ಸಿನ ಸದ್ದಿಗೆ ಕಾಣುವುದು ನಿಮ್ಮ ಗಾಡಿಯಿಂದ ಕಂಡದ್ದಕ್ಕಿಂತ ಬಹಳ ಹೆಚ್ಚೇನಲ್ಲ. ಸಫಾರಿಯೇ ಮುಖ್ಯವೆನ್ನುವವರು ಆರಾರು ಜನ ಜೀಪು ಮಾಡಿಕೊಂಡು ಬೇರೆ ದಿನ ಹೋಗಲಿ.

ಬಂದ ದಾರಿಯಲ್ಲೇ ವಾಪಸ್ ಹಂಗಳಕ್ಕೆ ಬಂದು ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ತಿರುಗಿ. ಹತ್ತೂಮುಕ್ಕಾಲು, ಹನ್ನೊಂದಕ್ಕೆ ಅಲ್ಲಿರುತ್ತೀರಿ. ಖಾಸಗಿ ಗಾಡಿ ಬುಡದ ಗೇಟಿನಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಹೊತ್ತು ಬೆಳಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕು. ಊಟಿ ಮುಗಿಸಿ ಸಂಜೆ ಇಲ್ಲಿಗೆ ಬರುವ ನಿಮ್ಮ ಮೊದಲಿನ ಯೋಜನೆ ಇದೊಂದರಿಂದಲೇ ಕೆಡುತ್ತಿತ್ತು. ಹನ್ನೊಂದಕ್ಕೇ ಬರಲು ಇನ್ನೊಂದು ಕಾರಣ ಮಂಜು. 1,454 ಮೀಟರಿನ ತಲೆಯಾದ್ದರಿಂದ ಬೆಳಗ್ಗೆ ಒಂಬತ್ತಕ್ಕೆ ಹತ್ತಿದವರಿಗೆ ಎಷ್ಟೋ ದಿನ ಎದುರಿಗಿರುವವರ ಮುಖವೂ ಕಾಣದು. ಹತ್ತೂವರೆ–ಹನ್ನೊಂದಕ್ಕೆ ಮಂಜು ಒಡೆಯುತ್ತದೆ. ಒಡೆಯುವ ಆ ಗಳಿಗೆ ನೋಡಬೇಕು: ಮೊದಲು ಕಣಿವೆಯ ತಳದ ಹುಲ್ಲು ಹಸಿರು ತೇಪೆಯಾಗಿ ತೆರೆದುಕೊಳ್ಳುತ್ತದೆ, ಆಮೇಲೆ ಶೋಲೆ ಕಾಡಿನ ಕಪ್ಪು, ಕೊನೆಗೆ ದಕ್ಷಿಣದಲ್ಲಿ ನೀಲಗಿರಿಯ ಗೋಡೆ. ನೀವು ಬೇಡವೆಂದು ಬಿಟ್ಟ ಊಟಿ ಆ ಗೋಡೆಯ ಮೇಲಿದೆ.

ಬಸ್ಸಿಳಿದ ಮೇಲೆ ದೇವಸ್ಥಾನಕ್ಕೆ ಮೆಟ್ಟಿಲಿವೆ. ಮಂಡಿನೋವಿನವರು ನಿಧಾನಕ್ಕೆ ಹತ್ತಬಹುದು, ಆಗದವರಿಗೆ ಕೆಳಗೇ ಕೂತರೂ ಕಣಿವೆ ಕಾಣುತ್ತದೆ. ಚಳಿಗಾಳಿ ಬೀಸುತ್ತದೆ, ಹಿರಿಯರಿಗೆ ಕಿವಿ ಮುಚ್ಚುವ ಟೋಪಿ ಇರಲಿ. ಬೇಲಿ ದಾಟಿ ಹುಲ್ಲಿಗೆ ಇಳಿಯಬೇಡಿ. ಅದು ಬಂಡೀಪುರದ ಹುಲಿ ಕಾಡಿನ ಒಳಭಾಗವೇ; ದೇವಸ್ಥಾನದ ಅಂಗಳದ ತನಕ ಸಲಗ ಬಂದದ್ದುಂಟು. ಕೆಳಗಿಳಿಯುವ ಬಸ್ಸಿಗೆ 22 ಜನಕ್ಕೂ ಒಟ್ಟಿಗೆ ಜಾಗ ಸಿಗದೆ ಹೋಗಬಹುದು. ಆದ್ದರಿಂದ ಎರಡು ಗುಂಪು ಮಾಡಿ, ಒಂದೊಂದಕ್ಕೆ ಒಬ್ಬ ಮುಂದಾಳು, ಮೊದಲ ಗುಂಪಿನಲ್ಲಿ ಹಿರಿಯರು. ಅರ್ಧ ಜನ ಮೇಲೆ, ಡ್ರೈವರ್ ಕೆಳಗೆ, ಫೋನಿಗೆ ಸಿಗ್ನಲ್ ಇಲ್ಲ ಎಂಬ ಪರಿಸ್ಥಿತಿಗೆ 'ಯಾರೂ ಗಾಡಿ ಬಿಟ್ಟು ಕದಲುವುದಿಲ್ಲ' ಎಂಬ ಮಾತು ಮೊದಲೇ ಆಗಿರಲಿ. ಮುಂದೆ ಎಂದಾದರೂ ಬರುವುದಾದರೆ ಜನಜಂಗುಳಿಯ ಶ್ರಾವಣ ಶನಿವಾರ ತಪ್ಪಿಸಿ. ನಿಮ್ಮ ಕಡೆಯ ಲೆಕ್ಕದ ಪುರಟ್ಟಾಸಿ ತಿಂಗಳ ಶನಿವಾರವೂ ಪೆರುಮಾಳ್, ಅಂದರೆ ವಿಷ್ಣುವಿನ ದಿನವೇ.

ಒಂದೂವರೆಗೆ ಇಳಿದು ಬುತ್ತಿ ಬಿಚ್ಚುವುದು ಬೆಟ್ಟದ ಬುಡದಲ್ಲಲ್ಲ, ಅಲ್ಲಿ ಕೋತಿಗಳ ಕಾಟ. ಹಂಗಳ ದಾಟಿ ಊರೊಳಗೆ ಅಥವಾ ಗುಂಡ್ಲುಪೇಟೆಯಲ್ಲಿ. 17 ದೊಡ್ಡವರಿಗೆ ತಲಾ 110 ಗ್ರಾಂ, ಮಕ್ಕಳಿಗೆ ಅರ್ಧ ಎಂದು ಎರಡೂಕಾಲು ಕಿಲೊ ಅಕ್ಕಿ ಸಾಕು: ಒಂದೂವರೆ ಕಿಲೊದ್ದು ಪುಳಿಯೋಗರೆ, ಮುಕ್ಕಾಲು ಕಿಲೊದ್ದು ಮೊಸರನ್ನ. ನಸುಕಿಗೆ ಕಲಸಿದ ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಅನ್ನ ಪೂರ್ತಿ ಆರಿದ ಮೇಲೆ ಕಾಸಿ ಆರಿಸಿದ ಹಾಲಿನಲ್ಲೇ ಕಲಸಿ, ಮೊಸರು ಎರಡು ಸೌಟು ಮಾತ್ರ ಹಾಕಿ, ತಿನ್ನುವ ಹೊತ್ತಿಗೆ ಸರಿಹೋಗಿರುತ್ತದೆ.

ಖರ್ಚಿನ ಲೆಕ್ಕಕ್ಕೆ ಬಂದರೆ ಈ ಓಟ ಸುಮಾರು 210 ಕಿ.ಮೀ. ಲೀಟರಿಗೆ ಒಂಬತ್ತು–ಹತ್ತು ಕಿ.ಮೀ. ಕೊಡುವ ಗಾಡಿಗೆ 21ರಿಂದ 24 ಲೀಟರ್ ಡೀಸೆಲ್. ಕಿ.ಮೀ. ಲೆಕ್ಕದ ಬಾಡಿಗೆಯಲ್ಲಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಕಟ್ಟಿಸಿಕೊಳ್ಳುವುದು ರೂಢಿ. ಆದ್ದರಿಂದ ದಿನಬಾಡಿಗೆ ಪ್ಲಸ್ ಡೀಸೆಲ್ ಎಂದು ಮಾತಾಡಿದರೆ ನಿಮಗೆ ಉಳಿತಾಯ. ಡ್ರೈವರ್ ಬಾಟಾ ಅದರಲ್ಲಿ ಸೇರಿದೆಯೋ ಇಲ್ಲವೋ ಬಾಯಿಬಿಟ್ಟು ಕೇಳಿ. ಯಾರಿಗಾದರೂ ಮೈ ಸರಿಯಿಲ್ಲವಾದರೆ ಈ ಹಾದಿಯಲ್ಲಿ ನೆಚ್ಚಬಹುದಾದದ್ದು ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆ. ಕಾಡಿನ ನಡುವೆ ಹುಡುಕುತ್ತ ನಿಲ್ಲದೆ ಅಲ್ಲಿಗೇ ಬನ್ನಿ.

ಬೆಂಕಿ, ಕಾಡಾನೆ ಅಥವಾ ಇನ್ನಾವುದೋ ಕಾರಣಕ್ಕೆ ಅಂದು ಗೋಪಾಲಸ್ವಾಮಿ ಬೆಟ್ಟದ ಗೇಟು ಮುಚ್ಚಿದ್ದರೆ ಗೇಟಿನಲ್ಲಿ ಚೌಕಾಸಿ ಮಾಡುತ್ತ ಕೂರಬೇಡಿ. ಚಾಮರಾಜನಗರಕ್ಕೆ ಬಂದು ಕೆ.ಗುಡಿ ದಾರಿಯಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ. ಅಲ್ಲಿಗೆ ನಿಮ್ಮ ಗಾಡಿಯೇ ಹೋಗುತ್ತದೆ, ಅದೂ ಕಾಡುದಾರಿಯೇ. ಕತ್ತಲಿಗೆ ಮೊದಲು ಗೇಟು ದಾಟಿ ಬರಬೇಕು ಅಷ್ಟೆ. ಬೆಟ್ಟ ತೆರೆದಿದ್ದು ಎಲ್ಲ ಲೆಕ್ಕದಂತೆ ನಡೆದರೆ ಎರಡೂವರೆಗೆ ಗುಂಡ್ಲುಪೇಟೆ ಬಿಡುತ್ತೀರಿ, ಐದರ ಒಳಗೆ ತಾಳವಾಡಿ. ಉಳಿದ ಹೊತ್ತಿಗೆ ದಾರಿಯಲ್ಲಿ ಇನ್ನೊಂದು ಜಾಗ ತುರುಕುವ ಸಲಹೆ ಹಿಂದಿನ ಸೀಟಿನಿಂದ ಬಂದೇ ಬರುತ್ತದೆ. ಒಪ್ಪಬೇಡಿ. ಮುಸ್ಸಂಜೆಗೆ ನಿಮ್ಮೂರ ಹೊಲಗಳ ಅಂಚಿಗೆ ಇಳಿಯುವ ಆನೆಗಳಿಗೆ ಇ-ಪಾಸೂ ಇಲ್ಲ, ಗೇಟೂ ಇಲ್ಲ.